ಲಾರಿಗೆ ಬಾಡಿ ಕಟ್ಟಿಸುವ ಮೊದಲು

ಮಗಾ,

ಚಾಸಿ ಕೈಗೆ ಬಂತು, ಇನ್ನು ಬಾಡಿ ಕಟ್ಟಿಸುವುದೊಂದೇ ಬಾಕಿ ಅಂತ ನಿನ್ನಪ್ಪ ಹೇಳಿದಾಗ ಸಂತೋಷವಾಯಿತು. ನಮ್ಮ ಮೆಣಸೆಯಿಂದ ಬೆಂಗಳೂರಿಗೆ ಹೋಗಿ ಯಾರದೋ ಕೈಕೆಳಗೆ ದುಡಿಯುವ ಹುಡುಗರೇ ಹೆಚ್ಚಾಗಿರುವಾಗ ನೀನು ಊರಲ್ಲೇ ನಿಂತು ಸ್ವಂತ ಲಾರಿ ಹಾಕುತ್ತೀಯಲ್ಲ, ಅದು ಗಟ್ಟಿ ಮನಸ್ಸಿನ ಕೆಲಸ. ಆದರೆ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ‘ಗ್ಯಾರೇಜಿನವರು ಹಿಂದಕ್ಕೆ ಇನ್ನೆರಡು ಅಡಿ ಎಳೆದು ಕಟ್ಟಿಕೊಡ್ತೀವಿ ಅಂತಾರೆ ದೊಡ್ಡಪ್ಪಾ, ಕಟ್ಟಿಸಲಾ?’ ಅಂತ ಕೇಳಿದೆ. ಬೇಡ ಅನ್ನುವುದು ನನ್ನ ಉತ್ತರ. ಬರೀ ಬೇಡ ಅಂದರೆ ನಾಳೆ ಇನ್ಯಾರೋ ಬೇಕು ಅಂದಾಗ ನಿನ್ನ ಮನಸ್ಸು ಆ ಕಡೆ ವಾಲುತ್ತದೆ. ಅದಕ್ಕೇ ಕಾರಣವನ್ನೂ ಬರೆದು ಕಳಿಸುತ್ತಿದ್ದೇನೆ. ಸ್ಟೇರಿಂಗ್ ಹಿಡಿದೇ ಕೂದಲು ಹಣ್ಣಾದವನ ಮಾತು ಅಂತ ಪೂರ್ತಿ ಓದು.

ಮೊದಲು ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೋ. ಬ್ರೋಕರ್ ಆಫೀಸಿನ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ ಕಾನೂನು ಅರ್ಧ ನಿಜ, ಅರ್ಧ ಅವರವರ ಅನುಕೂಲ. ಲಾರಿಯ ಅಳತೆ ಇರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಲ್ಲಿ. ಟ್ರೈಲರ್ ಇಲ್ಲದ, ಒಂದೇ ಚಾಸಿಯ ಲಾರಿ, ಅಂದರೆ ನಿನ್ನ ಸಿಕ್ಸ್ ವೀಲ್ ಇರಲಿ, ಟೆನ್ ವೀಲ್ ಇರಲಿ, ಒಟ್ಟು ಉದ್ದ 12 ಮೀಟರ್ ದಾಟಬಾರದು. ನಮ್ಮ ಲೆಕ್ಕದಲ್ಲಿ 39 ಅಡಿ 4 ಅಂಗುಲ. ಅಗಲ 2.6 ಮೀಟರ್. ಎತ್ತರ ಮೊದಲು 3.8 ಮೀಟರ್ ಇತ್ತು, 2020ರ ಜೂನ್ ತಿದ್ದುಪಡಿಯಲ್ಲಿ ಸರಕು ಲಾರಿಗೆ 4 ಮೀಟರ್ ಮಾಡಿದರು. ಯುರೋಪಿನಲ್ಲೂ ಇಂಥ ಲಾರಿಗೆ 12 ಮೀಟರೇ ಮಿತಿ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಅಳತೆ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ, ಟೆಕ್ಸಾಸಿನಲ್ಲಿ 45 ಅಡಿ. ನಮ್ಮಲ್ಲಿ ಉದ್ದದ ಮಿತಿ ಇಡೀ ದೇಶಕ್ಕೆ ಒಂದೇ. ಯಾವ ರಸ್ತೆಗೆ ಯಾವ ಗಾಡಿ ಬಿಡಬಹುದು ಅನ್ನುವುದನ್ನು ಮಾತ್ರ ರಾಜ್ಯ ನಿರ್ಧರಿಸಬಹುದು. ಅದರ ಮಾತು ಮುಂದೆ ಬರುತ್ತದೆ.

12 ಮೀಟರ್ ಅಂದ ಕೂಡಲೇ ‘ನನ್ನ ಲಾರಿ ಒಂಬತ್ತೂವರೆ ಮೀಟರ್ ಇದೆ, ಇನ್ನೂ ಜಾಗ ಉಂಟಲ್ಲ’ ಅಂತ ನಿನಗೆ ಅನ್ನಿಸುತ್ತದೆ. ಗ್ಯಾರೇಜಿನವನೂ ಅದನ್ನೇ ಹೇಳುತ್ತಾನೆ. ಅವನು ಹೇಳದೆ ಬಿಡುವ ಮಾತು ಒಂದಿದೆ. ಹಿಂದಿನ ಆಕ್ಸಲಿನಿಂದಾಚೆ ಬಾಡಿ ಎಷ್ಟು ಚಾಚಬಹುದು ಅನ್ನುವುದಕ್ಕೆ ಬೇರೆ ಮಿತಿ ಇದೆ. ಅದಕ್ಕೆ ಓವರ್‌ಹ್ಯಾಂಗ್ ಅನ್ನುತ್ತಾರೆ. ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಅದರ ನೂರಕ್ಕೆ 60ರಷ್ಟನ್ನು ಈ ಚಾಚು ದಾಟುವಂತಿಲ್ಲ. ನಿನ್ನ ವೀಲ್‌ಬೇಸ್ 5 ಮೀಟರ್ ಇದ್ದರೆ ಹಿಂದೆ 3 ಮೀಟರಿಗೆ ಮುಗಿಯಿತು. ಮುಂದೆ ಬಂಪರಿನವರೆಗೆ ಒಂದೂವರೆ ಮೀಟರ್ ಹಿಡಿದರೂ ಒಟ್ಟು ಒಂಬತ್ತೂವರೆ ಮೀಟರ್. ನಿನ್ನ ಲಾರಿಗೆ ಕಾನೂನು ಕೊಟ್ಟ ಉದ್ದ ಅಷ್ಟೇ. 12 ಮೀಟರ್ ಅನ್ನುವುದು ಅದಕ್ಕೆ ತಕ್ಕ ಉದ್ದದ ಚಾಸಿ ತಂದವನಿಗೆ.

ಇನ್ನು ಮೇಲೆ ಸೇರಿಸುವ ಸಾಮಾನು. ಒಟ್ಟು ಉದ್ದ ಅಳೆಯುವಾಗ ಕೆಲವನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ನಿಯಮವೇ ಹೇಳುತ್ತದೆ. ಬಾಡಿ ಮೇಲೆ ಹತ್ತುವ ಏಣಿ, ಟೇಲ್ ಲೈಟು, ನಂಬರ್ ಪ್ಲೇಟು, ಸ್ಟೆಪ್ನಿ ಮತ್ತು ಅದರ ಬ್ರಾಕೆಟ್ಟು, ಬಂಪರು, ಇವುಗಳಿಂದಾಚೆ ಚಾಚದ ಎಳೆಯುವ ಕೊಕ್ಕೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಎಂಜಿನ್ ತಿರುಗಿಸಿ ಚಾಲೂ ಮಾಡುತ್ತಿದ್ದ ಹ್ಯಾಂಡಲ್ಲು, ಅಂಚೆ ಗಾಡಿಗೆ ಕಟ್ಟಿದ 30 ಸೆಂಟಿಮೀಟರ್ ಒಳಗಿನ ಟಪಾಲು ಡಬ್ಬಿ, ಬೆಂಕಿ ಆರಿಸುವ ಗಾಡಿಯ ಏಣಿ ಕೂಡ ಅದರಲ್ಲಿವೆ. ಕಾನೂನು ಈ ರಿಯಾಯಿತಿ ಕೊಟ್ಟದ್ದು ಗಾಡಿ ನಡೆಸಲು ಬೇಕೇಬೇಕಾದ ಚಿಕ್ಕಪುಟ್ಟ ಸಾಮಾನಿಗೆ ತೊಂದರೆ ಆಗದಿರಲಿ ಅಂತ. ಆ ಪಟ್ಟಿಯನ್ನೇ ಹಿಡಿದುಕೊಂಡು ಹಿಂದೆ ಕಬ್ಬಿಣದ ಚೌಕಟ್ಟು, ಅದರ ಮೇಲೊಂದು ಪೆಟ್ಟಿಗೆ, ಅದರ ಹಿಂದೆ ಸ್ಟೆಪ್ನಿ ಅಂತ ಕಟ್ಟುತ್ತಾ ಹೋಗಬೇಡ. ಟೇಪು ಲೆಕ್ಕಕ್ಕೆ ಹಿಡಿಯದ ಏಣಿಯನ್ನೂ ಘಾಟಿಯ ತಿರುವು ಲೆಕ್ಕಕ್ಕೆ ಹಿಡಿಯುತ್ತದೆ.

ಆ ತಿರುವಿನ ಲೆಕ್ಕವೇ ಈ ಪತ್ರದ ಮುಖ್ಯ ವಿಷಯ, ಗಮನವಿಟ್ಟು ಓದು.

ಲಾರಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಇದು ಡ್ರೈವಿಂಗ್ ಕಲಿತ ಎಲ್ಲರಿಗೂ ಗೊತ್ತು. ಎಷ್ಟು ಕತ್ತರಿಸುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 5 ಮೀಟರ್ ವೀಲ್‌ಬೇಸಿನ ಲಾರಿಯ ಮುಂದಿನ ಆಕ್ಸಲ್ ಸುಮಾರು 9.4 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಹಿಂದಿನ ಆಕ್ಸಲ್ 8 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಅಂದರೆ 1.4 ಮೀಟರ್ ಒಳಗೆ. ಅದೇ ತಿರುವಿಗೆ 6.5 ಮೀಟರ್ ವೀಲ್‌ಬೇಸಿನ ಲಾರಿ ತಂದರೆ 2.6 ಮೀಟರ್ ಒಳಗೆ ಬರುತ್ತದೆ. ವೀಲ್‌ಬೇಸ್ ಒಂದೂವರೆ ಮೀಟರ್ ಹೆಚ್ಚಿತು, ರಸ್ತೆಯ ಒಳಬದಿಯಲ್ಲಿ ಅದು ಕೇಳುವ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ರಸ್ತೆ ಕಟ್ಟುವ ಎಂಜಿನಿಯರುಗಳಿಗೆ ಇದು ಗೊತ್ತು. ಅದಕ್ಕೇ ತಿರುವಿನಲ್ಲಿ ರಸ್ತೆಯನ್ನು ಒಂದಷ್ಟು ಅಗಲ ಮಾಡುತ್ತಾರೆ. ಎಷ್ಟು ಅಗಲ ಬೇಕು ಅನ್ನುವ ಅವರ ಸೂತ್ರದಲ್ಲಿ ವೀಲ್‌ಬೇಸನ್ನು ಅದರಿಂದಲೇ ಗುಣಿಸಿ, ತಿರುವಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸುತ್ತಾರೆ. ವೀಲ್‌ಬೇಸ್ ಸುಮಾರು 6 ಮೀಟರ್ ಅಂತ ಹಿಡಿಯುವುದು ವಾಡಿಕೆ. 20 ಮೀಟರ್ ತ್ರಿಜ್ಯದ ತಿರುವಿಗೆ ಒಂದು ಸಾಲಿನ ಗಾಡಿಗೆ 90 ಸೆಂಟಿಮೀಟರ್ ಹೆಚ್ಚು ಅಗಲ ಬರುತ್ತದೆ. ಅಂದರೆ ಆ ತಿರುವು ಕಟ್ಟುವಾಗಲೇ ಎಷ್ಟು ಉದ್ದದ ಲಾರಿ ಅಲ್ಲಿ ಸುಖವಾಗಿ ತಿರುಗಬಹುದು ಅನ್ನುವುದು ತೀರ್ಮಾನವಾಗಿರುತ್ತದೆ. ನಮ್ಮ ಮಲೆನಾಡಿನ ಹಳೆಯ ರಸ್ತೆಗಳಲ್ಲಿ ಅಷ್ಟು ಅಗಲವೂ ಎಲ್ಲ ಕಡೆ ಸಿಕ್ಕುವುದಿಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಕಮರಿ. ನಡುವೆ ಇದ್ದಷ್ಟೇ ರಸ್ತೆ.

ಇದು ಒಳಬದಿಯ ಕಥೆ. ಹೊರಬದಿಯದು ಇನ್ನೂ ಅಪಾಯ, ಯಾಕೆಂದರೆ ಅದು ನಿನ್ನ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ನೀನು ಎಡಕ್ಕೆ ಪೂರ್ತಿ ಸ್ಟೇರಿಂಗ್ ತಿರುಗಿಸಿದ ಹೊತ್ತಿಗೆ, ಹಿಂದಿನ ಆಕ್ಸಲಿನಾಚೆ ಚಾಚಿದ ಬಾಡಿಯ ಮೂಲೆ ಬಲಕ್ಕೆ, ಎದುರಿನಿಂದ ಬರುವವನ ಕಡೆಗೆ ಬೀಸಿಕೊಂಡು ಹೋಗುತ್ತದೆ. ಮೊದಲು ಹೇಳಿದ 8 ಮೀಟರ್ ಸುತ್ತಿನಲ್ಲೇ, ಎರಡೂವರೆ ಮೀಟರ್ ಅಗಲದ ಲಾರಿಗೆ ಲೆಕ್ಕ ಹಾಕಿ ಕೊಡುತ್ತೇನೆ. ಹಿಂದೆ 2 ಮೀಟರ್ ಚಾಚಿದ್ದರೆ ಮೂಲೆ ಸುಮಾರು 21 ಸೆಂಟಿಮೀಟರ್ ಹೊರಕ್ಕೆ ಬೀಸುತ್ತದೆ. 3 ಮೀಟರ್ ಇದ್ದರೆ 47 ಸೆಂಟಿಮೀಟರ್. ಅದರಾಚೆ ಇನ್ನೊಂದು ಮೀಟರ್ ಕಬ್ಬಿಣವೋ ಕಂಬವೋ ಚಾಚಿಕೊಂಡು 4 ಮೀಟರ್ ಆದರೆ 83 ಸೆಂಟಿಮೀಟರ್. 2 ಮೀಟರ್ ಇದ್ದ ಚಾಚು ಇಮ್ಮಡಿಯಾದರೆ ಬೀಸು ನಾಲ್ಕು ಪಟ್ಟು. ನೀನು ಮುಂದೆ ನೋಡುತ್ತಾ ಎಡಕ್ಕೆ ಹೋಗುತ್ತಿದ್ದೀಯ, ನಿನ್ನ ಲಾರಿಯ ಹಿಂಭಾಗ ಬಲಗಡೆಗೆ ಎರಡೂಮುಕ್ಕಾಲು ಅಡಿ ನುಗ್ಗುತ್ತಿದೆ. ಅಲ್ಲಿ ಒಬ್ಬ ಬೈಕಿನವನಿದ್ದರೆ ಅವನು ತನ್ನ ಪಾಲಿನ ರಸ್ತೆಯಲ್ಲೇ ಇರುತ್ತಾನೆ. ಅವನದೇನೂ ತಪ್ಪಿರುವುದಿಲ್ಲ.

ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡು. ಬಾಡಿ ಆದ ಮೇಲೆ ಯಾವುದಾದರೂ ಖಾಲಿ ಬಯಲಿಗೆ ಲಾರಿ ಒಯ್ದು ನಿಲ್ಲಿಸು. ಲಾರಿಯ ಬಲ ಪಕ್ಕಕ್ಕೆ ಸರಿಯಾಗಿ, ಹಿಂಬದಿಗಿಂತಲೂ ಆಚೆಯವರೆಗೆ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳಿ. ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ತೆಗೆದುಕೊ. ಕ್ಲೀನರ್ ದೂರ ನಿಂತು ಹಿಂದಿನ ಮೂಲೆ ಗೆರೆ ದಾಟಿ ಎಷ್ಟು ಹೊರಗೆ ಬಂತು ಅಂತ ನೋಡಿಕೊಳ್ಳಲಿ. ಲಾರಿ ನಿಂತ ಮೇಲೆ ಅಳೆಯಿರಿ. ಆ ಅಳತೆಯನ್ನು ಕ್ಯಾಬಿನ್ನಿನಲ್ಲಿ ನಿನ್ನ ಕಣ್ಣಿಗೆ ಕಾಣುವ ಕಡೆ ಬರೆದಿಡು. ಲಾರಿಯ ಅಗಲಕ್ಕೆ ಅದನ್ನೂ ಕೂಡಿಸಿದರೆ ಬರುವುದೇ ತಿರುವಿನಲ್ಲಿ ನಿನ್ನ ಲಾರಿಯ ನಿಜವಾದ ಅಗಲ.

ಹಿಂದಕ್ಕೆ ಎಳೆದ ಬಾಡಿಯ ಇನ್ನೊಂದು ಕೇಡು ತೂಕದ್ದು. ಹಿಂದಿನ ಆಕ್ಸಲಿನಾಚೆ ಬಿದ್ದ ಭಾರ, ಹಾರೆ ಹಾಕಿ ಕಲ್ಲು ಮೀಟಿದ ಹಾಗೆ, ಮುಂದಿನ ಚಕ್ರವನ್ನು ಮೇಲಕ್ಕೆತ್ತುತ್ತದೆ. 5 ಮೀಟರ್ ವೀಲ್‌ಬೇಸಿನ ಲಾರಿಯಲ್ಲಿ ಆಕ್ಸಲಿನಿಂದ ಎರಡೂವರೆ ಮೀಟರ್ ಹಿಂದೆ ಒಂದು ಟನ್ ಇಟ್ಟರೆ, ಮುಂದಿನ ಆಕ್ಸಲಿನ ಮೇಲಿದ್ದ ತೂಕದಲ್ಲಿ 500 ಕೆಜಿ ಕಡಿಮೆಯಾಗುತ್ತದೆ, ಹಿಂದಿನ ಆಕ್ಸಲಿನ ಮೇಲೆ 1,500 ಕೆಜಿ ಬೀಳುತ್ತದೆ. ಸ್ಟೇರಿಂಗ್ ಹಗುರಾಯಿತು ಅಂತ ಹೊಸಬರು ಖುಷಿಪಡುತ್ತಾರೆ. ಘಾಟಿ ಹತ್ತುವಾಗ, ಮಳೆಯಲ್ಲಿ, ಪಾಚಿಗಟ್ಟಿದ ರಸ್ತೆಯಲ್ಲಿ ಹಗುರಾದ ಸ್ಟೇರಿಂಗ್ ಅಂದರೆ ನೀನು ತಿರುಗಿಸಿದ ಕಡೆಗೆ ಲಾರಿ ತಿರುಗುವ ಖಾತ್ರಿ ಇಲ್ಲ ಅಂತ.

ದುಡ್ಡಿನ ಲೆಕ್ಕಕ್ಕೂ ಬರೋಣ, ನೀನು ಸಾಲ ಮಾಡಿದ್ದೀಯ, ಅದನ್ನು ಬಿಟ್ಟು ಮಾತಾಡುವುದು ನ್ಯಾಯವಲ್ಲ. ಬಾಡಿ ಉದ್ದವಾದರೆ ಬಾಡಿಗೆ ಹೆಚ್ಚು ಅನ್ನುವುದು ನಮ್ಮ ಕಡೆಯ ಸರಕಿಗೆ ಅನ್ವಯಿಸುವುದಿಲ್ಲ. 2018ರ ಜುಲೈನಲ್ಲಿ ಆಕ್ಸಲ್ ಭಾರ ಏರಿಸಿದ ಮೇಲೆ ಸಿಕ್ಸ್ ವೀಲ್ ಲಾರಿಗೆ ಗಾಡಿಯ ತೂಕವೂ ಸೇರಿ 18.5 ಟನ್, ಟೆನ್ ವೀಲಿಗೆ 28.5 ಟನ್ ಮಿತಿ. ಬಾಡಿ ಎರಡು ಅಡಿ ಬೆಳೆದರೂ ಆರ್‌ಸಿಯಲ್ಲಿರುವ ಈ ತೂಕ ಒಂದು ಕೆಜಿಯೂ ಬೆಳೆಯುವುದಿಲ್ಲ. ಬೆಳೆದ ಬಾಡಿಯ ಕಬ್ಬಿಣ, ಮರದ ತೂಕವನ್ನು ನಿನ್ನ ಲೋಡಿನಿಂದಲೇ ಕಳೆಯಬೇಕು. ಶೃಂಗೇರಿಯಿಂದ, ಕೊಪ್ಪದಿಂದ ಶಿವಮೊಗ್ಗಕ್ಕೆ ಹೋಗುವುದು ಅಡಿಕೆ ಚೀಲ. ಕಾಫಿ, ಮೆಣಸು ಕೂಡ ಚೀಲದ ಸರಕು. ಬರುವಾಗ ಸಿಮೆಂಟು, ಗೊಬ್ಬರ. ಇವೆಲ್ಲ ಬಾಡಿ ತುಂಬುವ ಮೊದಲೇ ತೂಕ ತುಂಬುವ ಲೋಡು. ಉದ್ದದ ಬಾಡಿಯಲ್ಲಿ ಇವನ್ನು ಹೇರಿದರೆ ಜಾಗ ಖಾಲಿ ಉಳಿಯುತ್ತದೆ. ಖಾಲಿ ಜಾಗ ಕಂಡರೆ ಸಾಹುಕಾರನಿಗೆ ‘ಇನ್ನೂ ಹತ್ತು ಚೀಲ ಹಾಕಪ್ಪ’ ಅನ್ನಬೇಕೆನಿಸುತ್ತದೆ. ಮಿತಿ ಮೀರಿದ ತೂಕಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ದಂಡ ಕಟ್ಟುವವನು ನೀನು.

ಉದ್ದದ ಬಾಡಿ ಬೇಕಾಗುವುದು ಹಗುರದ, ಬೃಹದಾಕಾರದ ಸರಕಿಗೆ. ನಮ್ಮ ಕಡೆ ಅಂಥದ್ದು ಮುಖ್ಯವಾಗಿ ಒಣಹುಲ್ಲು. ಭತ್ತ ಬೆಳೆಯುವುದು ಕಡಿಮೆಯಾಗಿ ತೋಟ ಹೆಚ್ಚಾದ ಹಾಗೆಲ್ಲ ದನಕ್ಕೆ ಹುಲ್ಲು ಬಯಲುಸೀಮೆಯಿಂದಲೇ ಬರಬೇಕು. ಹುಲ್ಲಿನ ಲಾರಿ ನೀನು ನೋಡಿದ್ದೀಯ. ಬಾಡಿಯ ಎರಡೂ ಪಕ್ಕಕ್ಕೆ, ಹಿಂದಕ್ಕೆ ಗಳ ಕಟ್ಟಿ, ಅದರ ಮೇಲೆ ಹುಲ್ಲು ಪೇರಿಸಿ, ಹಿಂದಿನಿಂದ ನೋಡಿದರೆ ಟೇಲ್ ಲೈಟೂ ಕಾಣುವುದಿಲ್ಲ, ನಂಬರೂ ಕಾಣುವುದಿಲ್ಲ. ಹಿಂದೆ ಬರುವವನು ಮೈಲುಗಟ್ಟಲೆ ಆ ಗೋಡೆಯ ಹಿಂದೆ ತೆವಳಬೇಕು, ತಾಳ್ಮೆ ಕೆಟ್ಟು ಓವರ್‌ಟೇಕ್ ಮಾಡಲು ಹೋದರೆ ಎದುರಿನದು ಕಾಣುವುದಿಲ್ಲ. ಎತ್ತರ 4 ಮೀಟರ್ ಮೀರಿದರೆ ಜೋತುಬಿದ್ದ ಕರೆಂಟಿನ ತಂತಿಗೆ ತಾಗಿ ಬೆಂಕಿ ಹತ್ತುವ ಭಯ ಬೇರೆ. ಹುಲ್ಲಿನ ಬಾಡಿಗೆ ಒಪ್ಪಿಕೋ, ದನ ಸಾಕಿದವರಿಗೆ ಅದು ಬೇಕು. ಯಂತ್ರದಲ್ಲಿ ಒತ್ತಿ ಕಟ್ಟಿದ ಹುಲ್ಲಿನ ಕಟ್ಟು ಈಗ ಸಿಗುತ್ತದೆ. ಅದನ್ನೇ ಕೇಳಿ ಹೇರಿಸಿಕೋ, ಬಾಡಿಯೊಳಗೆ ನಿಲ್ಲುತ್ತದೆ.

ಕಂಬ, ಕಬ್ಬಿಣದ ಸರಳು, ಪೈಪುಗಳ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಕರಗಬೇಡ. ಮೊದಲು ನಿಯಮದಲ್ಲೇ ಒಂದು ರಿಯಾಯಿತಿ ಇತ್ತು. ಕಂಬದಂಥ ಉದ್ದದ ಸಾಮಾನು ಲಾರಿಯ ಹಿಂದೆ ಒಂದು ಮೀಟರಿನವರೆಗೆ ಹೊರಚಾಚಬಹುದಿತ್ತು. ಅದರಿಂದ ಆದ ಸಾವುಗಳನ್ನು ಕಂಡು 2014ರಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಿದರು. ಇವತ್ತಿಗೆ ಲೋಡು ಬಾಡಿಯ ಹಿಂದಕ್ಕಾಗಲಿ, ಪಕ್ಕಕ್ಕಾಗಲಿ, ಮುಂದಕ್ಕಾಗಲಿ ಚಾಚುವಂತಿಲ್ಲ. ‘ಕೆಂಪು ಬಟ್ಟೆ ಕಟ್ಟಿದರೆ ಆಯ್ತು’ ಅನ್ನುವವರು ಈಗಲೂ ಇದ್ದಾರೆ. ಕೆಂಪು ಬಟ್ಟೆಯಿಂದ ಯಾವ ಕಾನೂನೂ ಸಡಿಲವಾಗುವುದಿಲ್ಲ. 2019ರ ತಿದ್ದುಪಡಿಯಾದ ಮೇಲೆ ಹೊರಚಾಚಿದ ಲೋಡಿಗೆ 20,000 ರೂಪಾಯಿ ದಂಡ, ಲೋಡು ಇಳಿಸುವ ಖರ್ಚು ಬೇರೆ. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ಅದು ಅನ್ವಯಿಸುತ್ತದೆ.

ದಂಡದ ಮಾತು ಹಾಗಿರಲಿ. ಸರಳಿನ ತುದಿ ಕಣ್ಣಿಗೆ ನೇರಕ್ಕೆ ಬಂದರೆ ಏನು ಕಾಣುತ್ತದೆ ಯೋಚಿಸು. ಹನ್ನೆರಡು ಮೀಟರ್ ಉದ್ದದ ಕಬ್ಬಿಣದಲ್ಲಿ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದು ಒಂದು ಚುಕ್ಕಿ ಮಾತ್ರ. ಕೆರೆಕಟ್ಟೆಯ ಕಾಡಿನ ಮಂಜಿನಲ್ಲಿ, ಆಷಾಢದ ಮಳೆಯಲ್ಲಿ, ಹೆಲ್ಮೆಟ್ಟಿನ ಗಾಜಿನ ಮೇಲೆ ನೀರು ಇಳಿಯುತ್ತಿರುವಾಗ ಆ ಚುಕ್ಕಿಯೂ ಕಾಣುವುದಿಲ್ಲ. ಅವನು ನಿನ್ನ ಟೇಲ್ ಲೈಟು ನೋಡಿ ಲಾರಿ ಅಲ್ಲಿಗೆ ಮುಗಿಯಿತು ಅಂತ ನಂಬುತ್ತಾನೆ. ನೀನು ಬ್ರೇಕ್ ಹಾಕಿದಾಗ ಆ ನಂಬಿಕೆಯ ಮೇಲೆಯೇ ಅವನೂ ಬ್ರೇಕ್ ಹಾಕುತ್ತಾನೆ. ಲಾರಿ ಎಲ್ಲಿ ಮುಗಿದ ಹಾಗೆ ಕಾಣುತ್ತದೋ ಅಲ್ಲೇ ಮುಗಿಯಬೇಕು. ಇದು ಕಾನೂನಿಗಿಂತ ದೊಡ್ಡ ಮಾತು, ಮಗಾ. ಸರಳು ಬಗ್ಗಿಸಿ ಮಡಿಸಿಕೊಡಲು ಅಂಗಡಿಯವನಿಗೆ ಹೇಳು. ಅಡಿಕೆ ಮರ, ಸಿಲ್ವರ್ ಓಕ್ ಕಂಬ ಆದರೆ ತೋಟದಲ್ಲೇ ನಿನ್ನ ಬಾಡಿಯ ಅಳತೆಗೆ ಕೊಯ್ಯಿಸು. ಕೊಯ್ಯಲಾಗದ ಉದ್ದದ ಸಾಮಾನಾದರೆ ಅದಕ್ಕೆ ತಕ್ಕ ಗಾಡಿ ಇರುವವನ ನಂಬರ್ ಕೊಟ್ಟು ಬಾ.

ಹಿಟಾಚಿ, ಜೆಸಿಬಿ ಹೇರುವ ಬಾಡಿಗೆಯೂ ಬರುತ್ತದೆ. ತೋಟಕ್ಕೆ ರಸ್ತೆ ಮಾಡಿಸುವವರು, ಮನೆ ಕಟ್ಟಲು ಧರೆ ತೆಗೆಸುವವರು ಕೇಳುತ್ತಾರೆ. ಯಂತ್ರ ಬಾಡಿಯೊಳಗೆ ನಿಂತರೂ ಅದರ ಕೈ, ಬಕೆಟ್ಟು ಹೊರಗೆ ಉಳಿಯುವುದೇ ಹೆಚ್ಚು. ಕೈ ಪೂರ್ತಿ ಮಡಚಿ ಬಕೆಟ್ಟು ಒಳಗೆ ಕೂರುವ ಹಾಗಿದ್ದರೆ ಮಾತ್ರ ಒಪ್ಪು. ತಮಿಳುನಾಡಿನ ತಿರುಚೆಂಗೋಡಿನಿಂದ ನಮ್ಮೂರಿಗೆ ಬೋರ್‌ವೆಲ್ ಲಾರಿಗಳು ಬರುತ್ತವಲ್ಲ, ಅವನ್ನು ಎದುರಾದಾಗ ಗಮನಿಸು. ಉದ್ದದ ಕಂಬವನ್ನು ಕ್ಯಾಬಿನ್ನಿನ ಮೇಲೆ ಮಲಗಿಸಿಕೊಂಡು ಬರುತ್ತವೆ. ಅಂಥ ಗಾಡಿ ಎದುರು ಬಂದರೆ ತಿರುವಿಗೆ ಮೊದಲೇ ನಿಂತು ದಾರಿ ಬಿಡು. ಅದರ ಮೂತಿ ಎಷ್ಟು ಬೀಸುತ್ತದೆ ಅನ್ನುವುದು ಒಳಗೆ ಕೂತವನಿಗೇ ಗೊತ್ತು.

ಶೋಕಿಗೆ ಅಂತ ಮುಂದೆ ದಪ್ಪ ಕಬ್ಬಿಣದ ಗಾರ್ಡು ಕಟ್ಟಿಸುವ ಆಸೆ ಇದ್ದರೆ ಬಿಡು. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅಂಥ ಗಾರ್ಡುಗಳ ಮೇಲೆ ಕ್ರಮ ತೆಗೆದುಕೊಳ್ಳಲು ರಾಜ್ಯಗಳಿಗೆ ಬರೆದಿದೆ. ಕಂಪನಿ ಕೊಟ್ಟ ಅಳತೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಅನ್ನುವುದು ಕಾಯ್ದೆಯ 52ನೇ ಕಲಮು. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಅದನ್ನೇ ಎತ್ತಿಹಿಡಿಯಿತು. ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೂ ಆರ್‌ಸಿಯಲ್ಲಿರುವ ಅಳತೆಗೂ ರಸ್ತೆಯ ಮೇಲಿರುವ ಗಾಡಿಗೂ ಹೊಂದುತ್ತದೆಯೋ ಇಲ್ಲವೋ ಅಂತ.

ಹಿಂದೆ ಕೆಳಗಡೆ ಇರುವ ಅಡ್ಡ ಕಬ್ಬಿಣವನ್ನು ಮಾತ್ರ ಯಾವತ್ತೂ ಬಿಚ್ಚಬೇಡ. ಲೋಡು ಇಳಿಸಲು ಅಡ್ಡಿ ಅಂತ ಕೆಲವರು ಬಿಚ್ಚಿಡುತ್ತಾರೆ, ಇಲ್ಲವೇ ಮೇಲಕ್ಕೆ ಮಡಿಸುತ್ತಾರೆ. ಹಿಂದಿನಿಂದ ಕಾರು ಬಂದು ಗುದ್ದಿದರೆ ಅದು ಲಾರಿಯ ಅಡಿಗೆ ನುಗ್ಗದ ಹಾಗೆ ತಡೆಯುವುದು ಅದೊಂದೇ. ಬಾಡಿಯನ್ನು ಹಿಂದಕ್ಕೆ ಎಳೆದರೆ ಆ ಕಬ್ಬಿಣ ಒಳಗೆ ಉಳಿದುಹೋಗುತ್ತದೆ. ಕಾರಿನ ಬಾನೆಟ್ಟು ಅದಕ್ಕೆ ತಾಗುವ ಮೊದಲೇ ನಿನ್ನ ಬಾಡಿಯ ಅಂಚು ಕಾರಿನ ಗಾಜಿಗೆ ಬಂದಿರುತ್ತದೆ. ಬಾಡಿ ಎಳೆಸಬೇಡ ಅನ್ನಲು ನನಗೆ ಈ ಕಾರಣ ಒಂದೇ ಸಾಕು. ರಿಫ್ಲೆಕ್ಟರ್ ಪಟ್ಟಿ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸು. ನಮ್ಮ ಕೆಂಪು ಮಣ್ಣು ಹಿಡಿದ ಪಟ್ಟಿ ಇದ್ದೂ ಇಲ್ಲದ ಹಾಗೆ.

ಇನ್ನು ರಸ್ತೆಯ ಮಾತು. ಕಾಯ್ದೆಯ 115ನೇ ಕಲಮಿನಲ್ಲಿ, ಯಾವ ರಸ್ತೆಯಲ್ಲಿ ಯಾವ ಗಾಡಿ ಹೋಗಬಾರದು ಅಂತ ತಡೆಯುವ ಅಧಿಕಾರ ರಾಜ್ಯಕ್ಕಿದೆ. ನಮ್ಮಲ್ಲಿ ಜಿಲ್ಲಾಧಿಕಾರಿಗಳ ಆದೇಶವಾಗಿ ಅದು ಬರುತ್ತದೆ. ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಇಳಿಯುವ ಆಗುಂಬೆ ಘಾಟಿ ರಾಷ್ಟ್ರೀಯ ಹೆದ್ದಾರಿ 169ಎ ಅಂತ ಹೆಸರಿಗೆ ಇದ್ದರೂ ಅದರ 14 ಕಡಿದಾದ ತಿರುವುಗಳಲ್ಲಿ ಉದ್ದದ ಗಾಡಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಅದಕ್ಕೇ ಅಲ್ಲಿ ಮಿನಿ ಬಸ್ಸುಗಳು ಓಡುವುದು, ಭಾರಿ ಲಾರಿಗೆ ತಡೆ ಇರುವುದು. ಚಾರ್ಮಾಡಿಯಲ್ಲೂ ಗುಡ್ಡ ಕುಸಿದ ಮೇಲೆ ಇಂಥ ತಡೆಗಳು ಬಂದಿವೆ. ‘ನನ್ನ ಲಾರಿ 12 ಮೀಟರಿಗಿಂತ ಕಡಿಮೆ, ಕಾನೂನಿನೊಳಗೇ ಇದೆ’ ಅಂತ ಅಲ್ಲಿ ವಾದ ಮಾಡಬೇಡ. 12 ಮೀಟರ್ ಅನ್ನುವುದು ಇಡೀ ದೇಶದ ಮಿತಿ. ಆ ತಿರುವಿನ ಮಿತಿಯನ್ನು ಆ ಗುಡ್ಡವೇ ಹಾಕಿದೆ. ಮಂಗಳೂರಿಗೆ ಲೋಡು ಸಿಕ್ಕರೆ ನೆಮ್ಮಾರು, ಕೆರೆಕಟ್ಟೆ, ಮಾಳದ ಮೇಲೆ ಹೆದ್ದಾರಿ 169 ಇದೆ. ಅಲ್ಲೂ ಮಳೆಗಾಲದಲ್ಲಿ ಧರೆ ಜರಿಯುವುದು, ಮರ ಬೀಳುವುದು ಇದ್ದದ್ದೇ. ಜೂನ್ ಬಂತೆಂದರೆ ಹೊರಡುವ ಮೊದಲು ಚಿಕ್ಕಮಗಳೂರು, ಉಡುಪಿ, ಶಿವಮೊಗ್ಗ ಮೂರೂ ಜಿಲ್ಲೆಯ ಆದೇಶ ವಿಚಾರಿಸು. ಮೊಬೈಲಿನ ಮ್ಯಾಪ್ ನೋಡಿ ಘಾಟಿಗೆ ಇಳಿಯಬೇಡ. ನೀನು ಬೈಕಿನಲ್ಲಿದ್ದೀಯೋ ಹತ್ತು ಚಕ್ರದ ಲಾರಿಯಲ್ಲಿದ್ದೀಯೋ ಅದಕ್ಕೆ ತಿಳಿಯದು.

ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲ ಹಕ್ಕು. ನೀನು ಇಳಿಯುವವನಾದರೆ ಅಗಲದ ಜಾಗ ನೋಡಿ ನಿಂತುಬಿಡು. ಕ್ಲೀನರನ್ನು ಕೆಳಗಿಳಿಸಿ ತಿರುವಿನಾಚೆ ನೋಡಿಸಲು ನಾಚಿಕೆ ಪಡಬೇಡ. ತಿರುಗಿಸಲು ಶುರುಮಾಡುವ ಮೊದಲು ಎರಡೂ ಕನ್ನಡಿ ನೋಡು. ಒಳಬದಿಯದರಲ್ಲಿ ಹಿಂದಿನ ಚಕ್ರ, ಹೊರಬದಿಯದರಲ್ಲಿ ಬಾಡಿಯ ಮೂಲೆ.

ಹೆದ್ದಾರಿ ಬಿಟ್ಟರೆ ಊರೊಳಗಿನ ರಸ್ತೆ. ಗ್ರಾಮ ಸಡಕ್ ಯೋಜನೆಯ ಡಾಂಬರು ರಸ್ತೆಯ ಅಗಲ 3.75 ಮೀಟರ್. ನಿನ್ನ ಲಾರಿ ಅದರಲ್ಲಿ ಎರಡೂವರೆ ಮೀಟರ್ ತಿನ್ನುತ್ತದೆ, ತಿರುವಿನಲ್ಲಿ ಪೂರ್ತಿ ತಿನ್ನುತ್ತದೆ. ಆ ಹೊತ್ತಿಗೆ ಶಾಲೆ ಬಿಟ್ಟಿರಬಹುದು. ನಮ್ಮ ಮೆಣಸೆಯಲ್ಲೇ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇದೆ, ದೂರದ ಊರುಗಳಿಂದ ಬಂದ ಮಕ್ಕಳು ರಸ್ತೆ ಬದಿಯಲ್ಲೇ ನಡೆಯುತ್ತಾರೆ. ನವರಾತ್ರಿಯಲ್ಲಿ ಶೃಂಗೇರಿಯ ಭಾರತೀ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೀಗಿರುವಾಗ ತೋಟದ ಯಜಮಾನರು ‘ಅಂಗಳದ ತನಕ ಬಂದುಬಿಡಪ್ಪ’ ಅಂತ ಪ್ರೀತಿಯಿಂದಲೇ ಕರೆಯುತ್ತಾರೆ. ಮುಖ್ಯರಸ್ತೆಯಲ್ಲೇ ನಿಲ್ಲಿಸಿ ಪಿಕಪ್ಪಿನಲ್ಲಿ ಮಾಲು ತರಿಸಲು ಹೇಳು. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ. ಕಿರಿದಾದ ಸಂಕದ ಮೇಲೆ ಹಿಂದಿನ ಚಕ್ರ ಜಾರಿ ಹಳ್ಳಕ್ಕೆ ಬಿದ್ದ ಲಾರಿ ಎತ್ತಿಸುವ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಹೀಗೆಲ್ಲ ಇಲ್ಲ ಇಲ್ಲ ಅನ್ನುತ್ತಾ ಹೋದರೆ ಬಾಡಿಗೆ ಕೊಡುವವರು ಯಾರು ದೊಡ್ಡಪ್ಪಾ ಅಂತ ಕೇಳುತ್ತೀಯ. ಮೊದಲ ವರ್ಷ ಕಷ್ಟವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಬ್ರೋಕರ್ ಸಿಟ್ಟಾಗುತ್ತಾನೆ, ನೀನು ಬಿಟ್ಟ ಲೋಡನ್ನು ಇನ್ಯಾರೋ ಹೇರಿಕೊಂಡು ಹೋಗುತ್ತಾರೆ. ಆದರೆ ವ್ಯಾಪಾರಿ ತನ್ನ ಮಾಲು ಯಾರ ಕೈಯಲ್ಲಿ ಹೇಳಿದ ಹೊತ್ತಿಗೆ ತಲುಪುತ್ತದೆ ಅನ್ನುವುದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿರುತ್ತಾನೆ. ಚೆಕ್‌ಪೋಸ್ಟಿನಲ್ಲಿ ನಿಲ್ಲದ, ಘಾಟಿಯಲ್ಲಿ ಸಿಕ್ಕಿಕೊಳ್ಳದ ಲಾರಿಗೆ ಅವನಾಗಿಯೇ ಫೋನ್ ಮಾಡುವ ದಿನ ಬರುತ್ತದೆ. ನಾನು ನಮ್ಮ ಮನೆ ನಡೆಸಿದ್ದು ಅಂಥ ಫೋನುಗಳಿಂದಲೇ.

ಈಗ ನೀನು ಮಾಡಬೇಕಾದ್ದು ಇಷ್ಟು. ಗ್ಯಾರೇಜಿಗೆ ಹೋಗಿ ವೀಲ್‌ಬೇಸ್, ಒಟ್ಟು ಉದ್ದ, ಹಿಂದಿನ ಚಾಚು, ಅಗಲ, ಎತ್ತರ ಐದನ್ನೂ ಕಾಗದದ ಮೇಲೆ ಬರೆಸಿ ಸಹಿ ಮಾಡಿಸಿಕೋ. ಬಾಡಿ ಕಟ್ಟಿದವರು ಕೊಡಬೇಕಾದ ಫಾರಂ 22ಎ ಕೇಳಿ ಪಡೆದುಕೋ. ರಿಜಿಸ್ಟ್ರೇಷನ್ನಿನ ಫಾರಂ 20ರಲ್ಲಿ ಉದ್ದ, ಅಗಲ, ಎತ್ತರ, ಓವರ್‌ಹ್ಯಾಂಗ್ ಬರೆಯುವ ಜಾಗವಿದೆ. ಏಜೆಂಟನ ಕೈಯಲ್ಲಿ ತುಂಬಿಸಬೇಡ, ನೀನೇ ಟೇಪು ಹಿಡಿದು ಅಳೆದು ತುಂಬು. ಆ ಟೇಪು ಕ್ಯಾಬಿನ್ನಿನಲ್ಲೇ ಇರಲಿ. ಪ್ರತಿ ಲೋಡು ಕಟ್ಟಿದ ಮೇಲೆ ಹಗ್ಗ, ತಾಡಪಾಲು ನೋಡಿಕೊಂಡು ಲಾರಿಯನ್ನು ಒಂದು ಸುತ್ತು ಹಾಕು. ಯಾವ ಕಡೆಯಾದರೂ ಬಾಡಿಯಿಂದಾಚೆ ಏನಾದರೂ ಚಾಚಿದ್ದು ಕಂಡರೆ, ಹೊತ್ತಾಗಿದ್ದರೂ ಸರಿ, ಮಳೆ ಬರುತ್ತಿದ್ದರೂ ಸರಿ, ಬಿಚ್ಚಿಸಿ ಮತ್ತೆ ಕಟ್ಟಿಸು.

ಲಾರಿ ನಿನ್ನದು, ಸಾಲ ನಿನ್ನದು, ದುಡಿಮೆ ನಿನ್ನದು. ರಸ್ತೆಯಲ್ಲಿ ಮಾತ್ರ ನಿನಗಿರುವುದು ಒಂದು ಪಾಲು. ತಿರುವಿನಾಚೆಯಿಂದ ಬರುವವನನ್ನು ನೀನು ಕಂಡಿರುವುದಿಲ್ಲ, ಅವನೂ ನಿನ್ನನ್ನು ಕಂಡಿರುವುದಿಲ್ಲ. ಇಬ್ಬರೂ ಅವರವರ ಮನೆ ಸೇರಬೇಕಾದರೆ ಇಬ್ಬರೂ ಅವರವರ ಅಳತೆಯೊಳಗೆ ಇರಬೇಕು. 93ನೇ ನಿಯಮ ಬರೆದವರು ಕೇಳುತ್ತಿರುವುದು ಅಷ್ಟೇ, ನಾನು ಕೇಳುತ್ತಿರುವುದೂ ಅಷ್ಟೇ. ಕಂಪನಿ ಕೊಟ್ಟ ಅಳತೆಗೆ ಬಾಡಿ ಕಟ್ಟಿಸು, ಅದರೊಳಗೆ ಹಿಡಿಸುವಷ್ಟು ದುಡಿ. ಅಷ್ಟರಲ್ಲೇ ಸಾಲ ತೀರುತ್ತದೆ, ಮನೆಯೂ ನಡೆಯುತ್ತದೆ.

ಒಳ್ಳೆಯದಾಗಲಿ,
ನಿನ್ನ ದೊಡ್ಡಪ್ಪ